ಮಾರಬೇಡಿ, ಆ ಉದ್ದ ಲೆನ್ಸೇ ನಿಮ್ಮ ಮ್ಯಾಕ್ರೋ

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕ. ಎರಡು ವರ್ಷದ ಹಿಂದೆ ಕ್ಯಾನನ್ 1500ಡಿ ಕ್ಯಾಮೆರಾ ಕೊಂಡೆ. ಅದರ ಜೊತೆ 18-55 ಮತ್ತು 55-250 ಎಂಎಂ ಲೆನ್ಸ್‌ಗಳು ಬಂದವು. ತೋಟದ ಚಗಳಿ ಇರುವೆ, ಜೇಡ, ಇಬ್ಬನಿ ಕೂತ ಹುಲ್ಲಿನ ತುದಿ, ಇವುಗಳ ಫೋಟೊ ತೆಗೆಯುವ ಆಸೆ. ಅಂಗಡಿಯಲ್ಲಿ, ಪುಟ್ಟ ವಸ್ತುಗಳನ್ನು ಅತಿ ಹತ್ತಿರದಿಂದ ತೆಗೆಯುವ 100 ಎಂಎಂ ಮ್ಯಾಕ್ರೋ ಲೆನ್ಸ್ ಬೇಕೇ ಬೇಕು ಎಂದರು. ಬೆಲೆ ಕೇಳಿ ಸುಮ್ಮನೆ ಎದ್ದು ಬಂದೆ. ಆನ್‌ಲೈನ್‌ನಲ್ಲಿ ಸಿಗುವ ಕ್ಲೋಸ್‌ಅಪ್ ಫಿಲ್ಟರ್ ಸೆಟ್ ತರಿಸಿ 18-55ಕ್ಕೆ ಹಾಕಿ ನೋಡಿದೆ. ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣಲಿಲ್ಲ. ಎಕ್ಸ್‌ಟೆನ್ಶನ್ ಟ್ಯೂಬ್, ರಿವರ್ಸ್ ರಿಂಗ್ ಎಂದೆಲ್ಲ ಹೇಳುತ್ತಾರೆ. ಇವುಗಳಲ್ಲಿ ಯಾವುದು ಒಳ್ಳೆಯದು? 55-250 ಹೇಗೂ ಬೀರುವಿನಲ್ಲೇ ಇದೆ. ಅದನ್ನು ಸೋದರಳಿಯ ಕೇಳುತ್ತಿದ್ದಾನೆ. ಅವನಿಗೆ ಮಾರಿ, ಮೇಲೆ ಐದು ಸಾವಿರ ಸೇರಿಸಿ 50 ಎಂಎಂ ಎಫ್/1.8 ಲೆನ್ಸ್ ಕೊಳ್ಳಲೇ?

ಉತ್ತರ: ಮೊದಲು ಸೋದರಳಿಯನಿಗೆ ಫೋನ್ ಮಾಡಿ, ಲೆನ್ಸ್ ಕೊಡುವುದಿಲ್ಲ ಎಂದು ಹೇಳಿಬಿಡಿ. ಉಳಿದದ್ದನ್ನು ಆಮೇಲೆ ಮಾತನಾಡೋಣ. ಚಗಳಿಯ ಮುಖ ತೆಗೆಯಲು ಬೇಕಾದ ಮುಖ್ಯ ಸಾಮಾನು ನಿಮ್ಮ ಬೀರುವಿನಲ್ಲಿ ಮಲಗಿದೆ. ನೀವು ತರಿಸಿದ ಫಿಲ್ಟರ್ ಸೆಟ್ಟಿನ ದುಡ್ಡೂ ಪೂರ್ತಿ ದಂಡವಾಗಿಲ್ಲ. ಅದನ್ನು ತಪ್ಪು ಲೆನ್ಸಿನ ಮೂತಿಗೆ ಹಾಕಿದ್ದೀರಿ, ಅಷ್ಟೆ.

ಯಾಕೆ ಎಂದು ಹೇಳಲು ಸ್ವಲ್ಪ ಲೆಕ್ಕ ಬೇಕು. ಮೇಷ್ಟರು ಲೆಕ್ಕಕ್ಕೆ ಹೆದರುವುದಿಲ್ಲ ಎಂಬ ಧೈರ್ಯದ ಮೇಲೆ ಶುರು ಮಾಡುತ್ತೇನೆ.

ಕ್ಲೋಸ್‌ಅಪ್ ಫಿಲ್ಟರ್ ಎನ್ನುವುದು ಫಿಲ್ಟರೇ ಅಲ್ಲ, ಲೆನ್ಸಿಗೆ ಹಾಕುವ ಚಾಳೀಸು. ನಲವತ್ತು ದಾಟಿದವರಿಗೆ ಹತ್ತಿರದ ಅಕ್ಷರ ಮಂಜಾದಾಗ ಕಣ್ಣಿನ ಡಾಕ್ಟರು ಪ್ಲಸ್ ಒಂದೂವರೆ, ಪ್ಲಸ್ ಎರಡು ಎಂದು ಬರೆದುಕೊಡುತ್ತಾರಲ್ಲ, ನಿಮ್ಮ ಸೆಟ್ಟಿನ ಮೇಲಿರುವ +1, +2, +4, +10 ಕೂಡ ಅದೇ ಡಯಾಪ್ಟರ್ ಲೆಕ್ಕ. 1000ವನ್ನು ಆ ಅಂಕಿಯಿಂದ ಭಾಗಿಸಿದರೆ ಗಾಜಿನ ಸಂಗಮದೂರ ಮಿಲಿಮೀಟರಿನಲ್ಲಿ ಸಿಗುತ್ತದೆ. +2 ಎಂದರೆ 500 ಮಿ.ಮೀ., +4 ಎಂದರೆ 250 ಮಿ.ಮೀ. ಕ್ಯಾಮೆರಾ ಲೆನ್ಸನ್ನು ಅನಂತದೂರಕ್ಕೆ ಫೋಕಸ್ ಮಾಡಿಟ್ಟು ಮುಂದೆ +4 ಗಾಜು ಹಾಕಿದರೆ, ಆ ಗಾಜಿನಿಂದ 25 ಸೆಂ.ಮೀ. ದೂರದಲ್ಲಿರುವ ವಸ್ತು ಸ್ಪಷ್ಟವಾಗಿ ಮೂಡುತ್ತದೆ. ನಾನು ಮೊದಲ ಇರುವೆ ಫೋಟೊ ತೆಗೆದದ್ದು ಅಪ್ಪನ ಚಾಳೀಸನ್ನು ಲೆನ್ಸಿನ ಮುಂದೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ. ಅಂದು ಸಂಜೆ ಪೇಪರ್ ಓದಲು ಕೂತ ಅಪ್ಪ ಗಾಜಿನ ಮೇಲೆ ಗೀರು ನೋಡಿ ಏನೆಂದರು ಎಂಬುದನ್ನು ಇಲ್ಲಿ ಬರೆಯುವುದು ಬೇಡ.

ಈಗ ಮುಖ್ಯ ವಿಷಯ. ಹೀಗೆ ಮೂಡುವ ಬಿಂಬ ನಿಜ ವಸ್ತುವಿನ ಎಷ್ಟು ಪಟ್ಟು ಇರುತ್ತದೆ? ಕ್ಯಾಮೆರಾ ಲೆನ್ಸಿನ ಸಂಗಮದೂರವನ್ನು ಗಾಜಿನ ಸಂಗಮದೂರದಿಂದ ಭಾಗಿಸಿ. 55 ಎಂಎಂಗೆ +4 ಗಾಜು ಹಾಕಿದರೆ 55 ಭಾಗಿಸು 250, ಅಂದರೆ 0.22 ಪಟ್ಟು. ನಿಮ್ಮ 18-55 ಲೆನ್ಸ್ ಏನೂ ಹಾಕದೆ, ತನ್ನ ಪಾಡಿಗೆ ತಾನು 25 ಸೆಂ.ಮೀ.ನಲ್ಲಿ ಫೋಕಸ್ ಮಾಡಿ 0.34 ಪಟ್ಟು ಕೊಡುತ್ತದೆ. ಗಾಜು ಹಾಕಿದ ಮೇಲೂ ವ್ಯತ್ಯಾಸ ಕಾಣಲಿಲ್ಲ ಎಂದಿರಲ್ಲ, ಕಾರಣ ಇಷ್ಟೇ. ಲೆನ್ಸನ್ನು ಅತಿ ಹತ್ತಿರಕ್ಕೆ ಫೋಕಸ್ ಮಾಡಿಟ್ಟುಕೊಂಡು ಗಾಜನ್ನೂ ಹಾಕಿದರೆ ಅರ್ಧಕ್ಕಿಂತ ತುಸು ಮೇಲೆ ಹೋಗಬಹುದು, ಅಲ್ಲಿಗೆ ಮುಗಿಯಿತು.

ಅದೇ +4 ಗಾಜನ್ನು ಬಿಚ್ಚಿ 55-250ಕ್ಕೆ ಹಾಕಿ. ಎರಡೂ ಲೆನ್ಸಿನ ಮೂತಿಯ ತಿರುಪು 58 ಮಿ.ಮೀ.; ಹೊಸ ರಿಂಗ್ ಏನೂ ಬೇಡ. ಜೂಮನ್ನು 250ಕ್ಕೆ ಎಳೆಯಿರಿ. 250 ಭಾಗಿಸು 250. ಒಂದು ಪಟ್ಟು! ಅಂಗಡಿಯವರು ತೋರಿಸಿದ 100 ಎಂಎಂ ಮ್ಯಾಕ್ರೋ ಲೆನ್ಸಿನ ಹೆಗ್ಗಳಿಕೆಯೂ ಇದೇ ಒಂದು ಪಟ್ಟು.

ಪಟ್ಟು ಎಂದರೆ ಏನು ಎಂಬುದು ಚಗಳಿಯ ಲೆಕ್ಕದಲ್ಲಿ ಚೆನ್ನಾಗಿ ತಿಳಿಯುತ್ತದೆ. ನಿಮ್ಮ ಕ್ಯಾಮೆರಾದ ಸೆನ್ಸರ್, ಅಂದರೆ ಬಿಂಬ ಬೀಳುವ ತಟ್ಟೆ, 22.3 ಮಿ.ಮೀ. ಅಗಲ. ದೊಡ್ಡ ಕೆಲಸಗಾರ ಚಗಳಿ ಸುಮಾರು 9 ಮಿ.ಮೀ. ಉದ್ದ. 18-55ರ 0.34 ಪಟ್ಟಿನಲ್ಲಿ ಅದರ ಬಿಂಬ ಸೆನ್ಸರ್ ಮೇಲೆ ಮೂರು ಮಿ.ಮೀ., ಅಂದರೆ ಚಿತ್ರದ ಅಗಲದಲ್ಲಿ ಏಳನೇ ಒಂದು ಭಾಗ. ಎಲೆಯ ಮೇಲೆ ಇರುವೆ ಇದೆ ಎಂದು ಗೊತ್ತಾಗುತ್ತದೆ. ಒಂದು ಪಟ್ಟಿನಲ್ಲಿ ಅದೇ ಇರುವೆ ಚಿತ್ರದ ಅಗಲದ ಐದರಲ್ಲಿ ಎರಡು ಭಾಗ ತುಂಬುತ್ತದೆ. ದವಡೆಯ ಹಲ್ಲು, ಮೀಸೆಯ ಮಡಿಕೆ, ಕಾಲಿನ ರೋಮ ಕಾಣತೊಡಗುತ್ತವೆ.

ಇನ್ನೊಂದು ಅನುಕೂಲ ಉಂಟು. ಫೋಕಸ್ ಅನಂತದಲ್ಲಿದ್ದರೆ ಗಾಜಿನಿಂದ ವಸ್ತುವಿನ ದೂರ ಯಾವ ಜೂಮಿನಲ್ಲೂ ಅದೇ 25 ಸೆಂ.ಮೀ., ಹೆಚ್ಚುಕಡಿಮೆ ಒಂದು ಗೇಣು. ಕೂತಲ್ಲಿಂದ ಅಲ್ಲಾಡದೆ 100 ಎಂಎಂನಲ್ಲಿ ಗೂಡಿನ ಎಲೆ ಹೆಣೆದ ಅಂಚನ್ನೂ, 250ರಲ್ಲಿ ಒಂದೇ ಇರುವೆಯನ್ನೂ ತೆಗೆಯಬಹುದು. ಗೇಣು ದೂರದ ಬೆಲೆ ಗೂಡಿನ ಮುಂದೆ ನಿಂತವರಿಗೇ ಗೊತ್ತು. ಹತ್ತಿರ ಹೋದರೆ ಚಗಳಿಗಳು ಹಿಂಭಾಗ ಎತ್ತಿ, ದವಡೆ ಅಗಲಿಸಿ ಸಾಲಾಗಿ ನಿಲ್ಲುತ್ತವೆ. ಫಾರ್ಮಿಕ್ ಆಮ್ಲದ ಹುಳಿ ವಾಸನೆ ಮೂಗಿಗೆ ಬಡಿಯುತ್ತದೆ. ಚಗಳಿ ಚಟ್ನಿ ಅರೆಯುವವರಿಗೆ ಆ ಹುಳಿ ಹಿತ, ಕಣ್ಣಿಗೆ ಬಿದ್ದರೆ ಅಲ್ಲ.

ಆದರೆ ನಿಮ್ಮ ಸೆಟ್ಟಿನ ಬಗ್ಗೆ ಒಂದು ಮಾತು. ಅದು ಒಂಟಿ ಗಾಜಿನದು. ಒಂಟಿ ಪೀನ ಮಸೂರ ನೀಲಿಯನ್ನೂ ಕೆಂಪನ್ನೂ ಒಂದೇ ಜಾಗದಲ್ಲಿ ಸೇರಿಸುವುದಿಲ್ಲ ಎಂಬುದನ್ನು ನೀವು ಪಾಠದಲ್ಲೇ ಹೇಳಿರುತ್ತೀರಿ. ಫೋಟೊದಲ್ಲಿ ಅದು ಇಬ್ಬನಿಯ ಹನಿಯ ಸುತ್ತ ನೇರಳೆ, ಹಸಿರು ಅಂಚಾಗಿ ಕಾಣುತ್ತದೆ, ಮೂಲೆಗಳು ಎಣ್ಣೆ ಸವರಿದಂತೆ ಮೆತ್ತಗಾಗುತ್ತವೆ. 250 ಎಂಎಂ ಈ ದೋಷವನ್ನೂ ದೊಡ್ಡದು ಮಾಡಿ ತೋರಿಸುತ್ತದೆ. +2 ಮತ್ತು +4ರಲ್ಲಿ ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯನ್ನು, ಎಫ್/11ಕ್ಕೆ ಇಳಿಸಿ ಕಿರಿದು ಮಾಡಿದರೆ ಸಹಿಸಬಹುದು. +10 ಗಾಜನ್ನು ಮಕ್ಕಳಿಗೆ ಭೂತಗನ್ನಡಿಯಾಗಿ ಕೊಟ್ಟುಬಿಡಿ. ಗಾಜುಗಳನ್ನು ಒಂದರ ಮೇಲೊಂದು ಹಾಕಿದರೆ ಅಂಕಿ ಕೂಡುತ್ತದೆ, ದೋಷವೂ ಕೂಡುತ್ತದೆ. ಹಾಕಲೇಬೇಕೆಂದರೆ ಹೆಚ್ಚು ಅಂಕಿಯದು ಲೆನ್ಸಿಗೆ ಹತ್ತಿರವಿರಲಿ.

ಎರಡು ಬೇರೆ ಬಗೆಯ ಗಾಜು ಅಂಟಿಸಿ ಈ ಬಣ್ಣದ ದೋಷ ತಿದ್ದಿದ ಕ್ಲೋಸ್‌ಅಪ್ ಲೆನ್ಸಿಗೆ ಅಕ್ರೊಮ್ಯಾಟ್ ಎನ್ನುತ್ತಾರೆ. ನಿಮ್ಮ ಐದು ಸಾವಿರದಲ್ಲಿ ದೊಡ್ಡ ಪಾಲು ಹೋಗಬೇಕಾದದ್ದು ಇದಕ್ಕೆ. ಕ್ಯಾನನ್‌ನವರೇ ಮಾಡಿದ 500ಡಿ ಎಂಬ ಕ್ಲೋಸ್‌ಅಪ್ ಲೆನ್ಸ್ ಇಂಥದು. ಅದೇ ಹೆಸರಿನ ಕ್ಯಾಮೆರಾವೂ ಇರುವುದರಿಂದ ಹುಡುಕುವಾಗ ಗೊಂದಲವಾಗುತ್ತದೆ; 500 ಎಂದರೆ ಸಂಗಮದೂರ, ಅಂದರೆ +2. ನಿಮ್ಮ 250 ಎಂಎಂಗೆ ಅರ್ಧ ಪಟ್ಟು ಕೊಡುತ್ತದೆ. ಚಿಟ್ಟೆ, ಏರೋಪ್ಲೇನ್ ಚಿಟ್ಟೆ, ಕಪ್ಪೆಗಳಿಗೆ ಸೊಗಸು, ಇರುವೆಗೆ ಸಾಲದು. ಜಪಾನಿನ ರೇನಾಕ್ಸ್ ಡಿಸಿಆರ್-150 ಮತ್ತು ಡಿಸಿಆರ್-250 ಎಂಬ ಎರಡು ಪುಟ್ಟ ಗಾಜುಗಳು ಹುಳುಹುಪ್ಪಟೆ ತೆಗೆಯುವವರ ಚೀಲದಲ್ಲಿ ಪ್ರಪಂಚದೆಲ್ಲೆಡೆ ಇರುತ್ತವೆ. ಮೊದಲನೆಯದು +4.8, ಎರಡನೆಯದು +8. ನಿಮ್ಮ ಲೆನ್ಸಿಗೆ ಕ್ರಮವಾಗಿ 1.2 ಪಟ್ಟು ಮತ್ತು 2 ಪಟ್ಟು. ಇವುಗಳ ಕ್ಲಿಪ್ 52ರಿಂದ 67 ಮಿ.ಮೀ. ತಿರುಪಿನ ಯಾವ ಲೆನ್ಸಿಗೂ ಕಚ್ಚಿಕೊಳ್ಳುತ್ತದೆ, ನಾಳೆ ಕ್ಯಾಮೆರಾ ಬದಲಿಸಿದರೂ ಗಾಜು ಜೊತೆಗೆ ಬರುತ್ತದೆ. ಗಾಜು ಚಿಕ್ಕದಾದ್ದರಿಂದ ಜೂಮನ್ನು ಹಿಂದಕ್ಕೆ ತಂದರೆ ಚಿತ್ರದ ಮೂಲೆಗಳು ಕಪ್ಪಾಗುತ್ತವೆ.

ಹೆಸರು ದೊಡ್ಡದಿದೆ ಎಂದು ಸೀದಾ ಡಿಸಿಆರ್-250ಕ್ಕೆ ಕೈ ಹಾಕಬೇಡಿ. ಎರಡು ಪಟ್ಟಿನಲ್ಲಿ ನಿಮ್ಮ ಉಸಿರಾಟಕ್ಕೇ ಇರುವೆ ಚೌಕಟ್ಟಿನಿಂದ ಆಚೆ ಹೋಗುತ್ತದೆ. ಮೊದಲ ವರ್ಷಕ್ಕೆ ಡಿಸಿಆರ್-150 ಸಾಕು. ನಿಮ್ಮ ಲೆಕ್ಕಕ್ಕೆ ಅದು ತುಸು ಮೀರಿದರೆ, 58 ಮಿ.ಮೀ. ತಿರುಪಿನ, ‘ಅಕ್ರೊಮ್ಯಾಟ್’ ಎಂದು ಸ್ಪಷ್ಟವಾಗಿ ಬರೆದಿರುವ +4 ಅಥವಾ +5 ಗಾಜು ಬೇರೆ ಕಂಪನಿಗಳದ್ದೂ ಸಿಗುತ್ತದೆ.

ಅದಕ್ಕೂ ಕಡಿಮೆಯ ದಾರಿ ಒಂದಿದೆ. ಒಂದು ಕಣ್ಣು ಕೆಟ್ಟ ಹಳೆಯ ಬೈನಾಕ್ಯುಲರ್ ಎಲ್ಲಾದರೂ ಬಿದ್ದಿದೆಯೇ ನೋಡಿ. ಅದರ ಮುಂದಿನ ದೊಡ್ಡ ಗಾಜು ಸಾಮಾನ್ಯವಾಗಿ ಎರಡು ಗಾಜು ಅಂಟಿಸಿದ ಅಕ್ರೊಮ್ಯಾಟೇ. ಬಿಚ್ಚಿ, ಕಿಟಕಿಯ ಎದುರಿನ ಗೋಡೆಯ ಮುಂದೆ ಹಿಡಿದು ಹಿಂದೆ ಮುಂದೆ ಸರಿಸಿ. ಹೊರಗಿನ ತೆಂಗಿನ ಮರ ತಲೆಕೆಳಗಾಗಿ ಗೋಡೆಯ ಮೇಲೆ ಸ್ಪಷ್ಟವಾಗಿ ಮೂಡಿದಾಗ ಗಾಜಿಗೂ ಗೋಡೆಗೂ ಇರುವ ಅಂತರ ಅಳೆಯಿರಿ. ಇಪ್ಪತ್ತು ಸೆಂಟಿಮೀಟರಿನ ಆಸುಪಾಸು ಬಂದರೆ ನಿಮ್ಮ ಕೈಯಲ್ಲಿರುವುದು +5ರ ಒಳ್ಳೆಯ ಗಾಜು. ಕಪ್ಪು ರಟ್ಟಿನ ಉಂಗುರ ಕತ್ತರಿಸಿ, ಖಾಲಿ ಫಿಲ್ಟರ್ ಚೌಕಟ್ಟಿನಲ್ಲಿ ಕೂರಿಸಿದರೆ ಆಯಿತು. ಹುಡುಗರಿಗೆ ಒಂದು ಪಾಠವೂ ಆಗುತ್ತದೆ.

ಇನ್ನು ಎಕ್ಸ್‌ಟೆನ್ಶನ್ ಟ್ಯೂಬ್. ಇದು ಒಳಗೆ ಗಾಜೇ ಇಲ್ಲದ ಪೊಳ್ಳು ಕೊಳವೆ. ಕ್ಯಾಮೆರಾಕ್ಕೂ ಲೆನ್ಸಿಗೂ ಮಧ್ಯೆ ಕೂತು ಲೆನ್ಸನ್ನು ಸೆನ್ಸರ್‌ನಿಂದ ದೂರ ತಳ್ಳುತ್ತದೆ, ಆಗ ಹತ್ತಿರದ ವಸ್ತು ಫೋಕಸ್ ಆಗುತ್ತದೆ. ಇದರ ಲೆಕ್ಕ ಗಾಜಿನ ಲೆಕ್ಕಕ್ಕೆ ತದ್ವಿರುದ್ಧ: ಕೊಳವೆಯ ಉದ್ದವನ್ನು ಲೆನ್ಸಿನ ಸಂಗಮದೂರದಿಂದ ಭಾಗಿಸಿದರೆ ಬರುವಷ್ಟು ಪಟ್ಟು ಹೆಚ್ಚಾಗುತ್ತದೆ. 31 ಮಿ.ಮೀ. ಕೊಳವೆ 50 ಎಂಎಂ ಲೆನ್ಸಿಗೆ 0.62 ಸೇರಿಸಿದರೆ, ಅದೇ ಕೊಳವೆ ನಿಮ್ಮ 250ಕ್ಕೆ ಸೇರಿಸುವುದು ಬರಿಯ 0.12. ಗಾಜು ಉದ್ದ ಲೆನ್ಸಿಗೆ, ಕೊಳವೆ ಗಿಡ್ಡ ಲೆನ್ಸಿಗೆ. ಇದೊಂದನ್ನು ಕ್ಯಾಮೆರಾ ಚೀಲದ ಮುಚ್ಚಳದೊಳಗೆ ಬರೆದಿಟ್ಟುಕೊಳ್ಳಿ. ಹಾಗೆಂದು ತೀರ ಗಿಡ್ಡಕ್ಕೂ ಆಗದು. 18 ಎಂಎಂಗೆ ಕೊಳವೆ ಹಾಕಿದರೆ ಫೋಕಸ್ ಆಗುವ ಜಾಗ ಲೆನ್ಸಿನ ಮುಂಗಾಜಿಗೇ ತಾಗುವಷ್ಟು ಹತ್ತಿರ, ಕೆಲವೊಮ್ಮೆ ಅದರ ಒಳಗೇ ಹೋಗಿಬಿಡುತ್ತದೆ.

ಕೊಳವೆಯನ್ನು ಕೊಳ್ಳುವುದಾದರೆ ಒಳಗೆ ಚಿನ್ನದ ಬಣ್ಣದ ವಿದ್ಯುತ್ ಬಿಂದುಗಳಿರುವುದನ್ನೇ ಕೊಳ್ಳಿ. ಕೆಲವು ನೂರಕ್ಕೆ ಸಿಗುವ ಬರಿಯ ಕೊಳವೆಯಲ್ಲಿ ಅವು ಇರುವುದಿಲ್ಲ. ಕ್ಯಾನನ್ ಲೆನ್ಸಿನ ಅಪರ್ಚರ್ ವಿದ್ಯುತ್ತಿನಿಂದ ನಡೆಯುತ್ತದೆ; ಸಂಪರ್ಕ ತಪ್ಪಿದರೆ ಪೂರ್ತಿ ತೆರೆದುಕೊಂಡೇ ಇರುತ್ತದೆ, ಇರುವೆಯ ಒಂದು ಮೀಸೆ ಬಿಟ್ಟು ಉಳಿದದ್ದೆಲ್ಲ ಮಂಜು. ನಿಕಾನ್‌ನ ಜಿ ಮಾದರಿಯ ಲೆನ್ಸ್‌ಗಳಲ್ಲಿ ಇದರ ಉಲ್ಟಾ. ಅಲ್ಲಿ ಸಣ್ಣ ಕೊಂಡಿಯೊಂದು ಅಪರ್ಚರನ್ನು ಹಿಡಿದಿರುತ್ತದೆ. ಬರಿಯ ಕೊಳವೆ ಹಾಕಿದರೆ ಅದು ಪೂರ್ತಿ ಮುಚ್ಚಿಕೊಂಡು ವ್ಯೂಫೈಂಡರ್ ಕತ್ತಲಾಗುತ್ತದೆ. ಬಿಂದುಗಳಿರುವ, 13, 21, 31 ಮಿ.ಮೀ. ಮೂರು ಕೊಳವೆಗಳ ಸೆಟ್ ಕೆಲವು ಸಾವಿರದೊಳಗೆ ಬರುತ್ತದೆ. ನಿಮಗೆ ಸದ್ಯಕ್ಕೆ ಅದರ ಅಗತ್ಯವಿಲ್ಲ.

ರಿವರ್ಸ್ ರಿಂಗ್ ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಮೋಜು. ಲೆನ್ಸನ್ನು ತಿರುಗಿಸಿ, ಮೂತಿಯನ್ನು ಕ್ಯಾಮೆರಾಕ್ಕೆ ಸಿಕ್ಕಿಸುವ ಲೋಹದ ಬಳೆ. ತಿರುವಿದ 50 ಎಂಎಂ ಒಂದು ಪಟ್ಟಿನ ಹತ್ತಿರ ಬರುತ್ತದೆ, 18-55ನ್ನು 18ಕ್ಕೆ ಇಟ್ಟು ತಿರುವಿದರೆ ಮೂರು ಪಟ್ಟನ್ನೂ ದಾಟುತ್ತದೆ. ಅದೇ ವಿದ್ಯುತ್ ಸಮಸ್ಯೆ ಇಲ್ಲಿಯೂ ಇರುವುದರಿಂದ ಅಪರ್ಚರ್ ಬಳೆಯಿರುವ ಹಳೆಯ ಲೆನ್ಸ್ ಬೇಕು. ರೀಲಿನ ಕಾಲದಲ್ಲಿ ನಮ್ಮ ತಾಲ್ಲೂಕು ಕೇಂದ್ರಗಳ ಸ್ಟುಡಿಯೊಗಳಲ್ಲಿ ದುಡಿದ ಪೆಂಟಾಕ್ಸ್ ಕೆ1000 ಕ್ಯಾಮೆರಾಗಳು ಈಗ ಅಟ್ಟದ ಮೇಲಿವೆ. ಅವುಗಳ ಮೂತಿಯಲ್ಲಿರುವ 50 ಎಂಎಂ ಎಫ್/2 ಲೆನ್ಸ್ ಇದಕ್ಕೆ ಹೇಳಿ ಮಾಡಿಸಿದ್ದು. 49 ಮಿ.ಮೀ. ತಿರುಪಿನಿಂದ ಕ್ಯಾನನ್ ಇಎಫ್‌ಗೆ ಎಂದು ಕೇಳಿ ರಿಂಗ್ ತರಿಸಿ, ಕ್ಯಾಮೆರಾವನ್ನು, ಎಲ್ಲವನ್ನೂ ಕೈಯಾರೆ ಹೊಂದಿಸುವ ಎಂ ಮೋಡ್‌ಗೆ ಹಾಕಿ. ತೊಂದರೆಯೆಂದರೆ ವಸ್ತು ಲೆನ್ಸಿನಿಂದ ನಾಲ್ಕೈದು ಸೆಂ.ಮೀ. ದೂರದಲ್ಲಿರಬೇಕು, ಬೆಂಡೆಕಾಯಿಯ ಅರ್ಧದಷ್ಟೂ ಇಲ್ಲ. ಹೀಗೊಂದು ಲೆನ್ಸ್ ಹಿಡಿದು ನಾನು ಚಗಳಿ ಗೂಡಿಗೆ ಮುಖವೊಡ್ಡಿದ್ದೆ. ಮೊದಲ ಇರುವೆ ಲೆನ್ಸಿನ ಮೇಲೆ, ಎರಡನೆಯದು ಕ್ಯಾಮೆರಾದ ಮೇಲೆ, ಮೂರನೆಯದು ಕಣ್ಣಿನ ರೆಪ್ಪೆಯ ಮೇಲೆ. ಫೋಟೊ ಬರಲಿಲ್ಲ. ಬೀಜ, ಹೂವಿನ ಕೇಸರ, ಚಿಟ್ಟೆಯ ಉದುರಿದ ರೆಕ್ಕೆಯ ಹುರುಪೆ, ಅಂದರೆ ಓಡದ, ಕಚ್ಚದ ವಸ್ತುಗಳಿಗೆ ರಿವರ್ಸ್ ರಿಂಗನ್ನು ಮೀರಿಸಿದ್ದಿಲ್ಲ.

50 ಎಂಎಂ ಎಫ್/1.8 ಬಗ್ಗೆ ಕೇಳಿದ್ದೀರಿ. ಒಳ್ಳೆಯ ಲೆನ್ಸ್. ಮನೆಯೊಳಗೆ ಮಂದ ಬೆಳಕಿನಲ್ಲಿ ಮಗುವಿನ ಮುಖ, ಶಾಲೆಯ ನಾಟಕ, ಇವುಗಳಿಗೆ ನಿಮ್ಮ ಎರಡೂ ಜೂಮ್‌ಗಳಿಗಿಂತ ಎಷ್ಟೋ ಮೇಲು. ಆದರೆ ಹತ್ತಿರದ ಕೆಲಸಕ್ಕೆ ಅದು ಒಂಟಿಯಾಗಿ ಕೊಡುವುದು 0.21 ಪಟ್ಟು, ನಿಮ್ಮ 18-55ಕ್ಕಿಂತಲೂ ಕಡಿಮೆ. ಮೂರೂ ಕೊಳವೆ ಸೇರಿಸಿದರೆ ಒಂದೂವರೆ ಪಟ್ಟು ಬರುತ್ತದೆ ನಿಜ, ಆಗ ಲೆನ್ಸಿನ ಮುಂದೆ ಉಳಿಯುವ ಜಾಗ ಕೆಲವೇ ಸೆಂಟಿಮೀಟರು, ಬೆಳಕೂ ಎರಡು ಸ್ಟಾಪ್‌ಗಿಂತ ಹೆಚ್ಚು ನಷ್ಟ, ಅಂದರೆ ಉಳಿಯುವುದು ಕಾಲು ಭಾಗಕ್ಕಿಂತ ಕಡಿಮೆ. ಗಾಜು ಹಾಕಿದಾಗ ಈ ಬೆಳಕಿನ ನಷ್ಟ ಇಲ್ಲ. ಮುಂದೊಂದು ದಿನ ಮನೆಯವರ ಫೋಟೊಗಾಗಿ 50 ಕೊಳ್ಳಿ, ಇರುವೆಗಾಗಿ ಬೇಡ. ಇನ್ನೊಂದು ಎಚ್ಚರಿಕೆ: ಜೂಮ್ ಲೆನ್ಸಿನ ಮೇಲೆ ‘ಮ್ಯಾಕ್ರೋ’ ಎಂದು ಅಚ್ಚಾಗಿದ್ದ ಮಾತ್ರಕ್ಕೆ ಅದು ಒಂದು ಪಟ್ಟು ಕೊಡುತ್ತದೆ ಎಂದಲ್ಲ. ಟ್ಯಾಮ್ರಾನ್‌ನ ಅಗ್ಗದ 70-300 ಮ್ಯಾಕ್ರೋ ಅರ್ಧ ಪಟ್ಟಿಗೆ ನಿಲ್ಲುತ್ತದೆ. ಅರ್ಧವೂ ಕಡಿಮೆಯೇನಲ್ಲ, ಆದರೆ ಗೊತ್ತಿದ್ದು ಕೊಳ್ಳಬೇಕು.

ಸಾಮಾನಿನ ಮಾತು ಇಷ್ಟು. ಗಾಜು ಬಂದ ದಿನ ನಿಮಗೆ ಖಂಡಿತ ನಿರಾಸೆಯಾಗುತ್ತದೆ, ಮೊದಲ ನೂರು ಫೋಟೊ ಮಂಜಾಗಿರುತ್ತವೆ. ಒಂದು ಪಟ್ಟಿನಲ್ಲಿ, ಎಫ್/11ರಲ್ಲಿ ಸ್ಪಷ್ಟವಾಗಿ ಕಾಣುವ ಆಳ ಅರ್ಧ ಮಿಲಿಮೀಟರಿನ ಆಚೀಚೆ. ಆಟೊಫೋಕಸ್ ಆ ಅರ್ಧ ಮಿಲಿಮೀಟರನ್ನು ಹುಡುಕುತ್ತ ಗುರ್ ಗುರ್ ಎನ್ನುತ್ತಿರುವಾಗ ಜೇಡ ಹೋಗಿರುತ್ತದೆ. ಅದನ್ನು ಆಫ್ ಮಾಡಿ. ಫೋಕಸ್ ಬಳೆ ಮುಟ್ಟದೆ, ಇಡೀ ದೇಹವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಓಲಾಡಿಸುತ್ತ, ಕಣ್ಣು ಸ್ಪಷ್ಟವಾದ ಕ್ಷಣಕ್ಕೆ ಬಟನ್ ಒತ್ತಿ, ಒಂದೇ ಸಲಕ್ಕೆ ನಾಲ್ಕೈದು ಫೋಟೊ. ಟ್ರೈಪಾಡ್ ತೋಟದಲ್ಲಿ ಬರಿಯ ಭಾರ. ಸೊಂಟದೆತ್ತರದ ಅಡಿಕೆ ದಬ್ಬೆ ಒಂದನ್ನು ನೆಲಕ್ಕೂರಿ, ಎಡಗೈಯಲ್ಲಿ ದಬ್ಬೆಯನ್ನೂ ಲೆನ್ಸನ್ನೂ ಒಟ್ಟಿಗೆ ಹಿಡಿದರೆ ನಡುಕ ಎಷ್ಟೋ ಇಳಿಯುತ್ತದೆ. ಇರುವೆಯ ಪಕ್ಕದ ನೋಟ ಬೇಕಾದರೆ ಕ್ಯಾಮೆರಾದ ಬೆನ್ನು ಇರುವೆಯ ಮೈಗೆ ಸಮಾಂತರವಾಗಿರಲಿ, ಆ ಅರ್ಧ ಮಿಲಿಮೀಟರಿನಲ್ಲೇ ಮೀಸೆಯಿಂದ ಹೊಟ್ಟೆಯವರೆಗೆ ಹಿಡಿಯಬಹುದು.

ನೆಗೆಯುವ ಜೇಡದಿಂದ ಶುರು ಮಾಡಿ. ಗೋಡೆಯ ಮೇಲೆ, ಕಿಟಕಿಯ ಸರಳಿನ ಮೇಲೆ ಎಲ್ಲ ಮನೆಯಲ್ಲೂ ಇರುತ್ತದೆ. ಅದಕ್ಕೆ ಕುತೂಹಲ ಹೆಚ್ಚು. ಲೆನ್ಸ್ ಹತ್ತಿರ ಬಂದರೆ ಓಡುವ ಬದಲು ತಿರುಗಿ ನೋಡುತ್ತದೆ. ಮುಂದಿನ ಸಾಲಿನ ನಡುವಿನ ಎರಡು ದೊಡ್ಡ ಕಣ್ಣುಗಳಲ್ಲಿ ನಿಮ್ಮ ಕಿಟಕಿ ಪುಟ್ಟದಾಗಿ ಹೊಳೆಯುವುದು ಕಂಡರೆ ಫೋಕಸ್ ಸರಿ ಎಂದರ್ಥ.

ಎಫ್/11ಕ್ಕೆ ಇಳಿಸಿದ ಮೇಲೆ ತೋಟದ ನೆರಳಿನಲ್ಲಿ ಬೆಳಕು ಸಾಲದು. ಕ್ಯಾಮೆರಾದ ನೆತ್ತಿಯ ಫ್ಲ್ಯಾಶೇ ಸಾಕು, ಆದರೆ ಹಾಗೇ ಬಳಸಿದರೆ ಉದ್ದ ಲೆನ್ಸಿನ ನೆರಳು ಬೀಳುತ್ತದೆ, ಇರುವೆಯ ಮೈ ಸ್ಟೀಲ್ ಚಮಚದಂತೆ ಮಿರುಗುತ್ತದೆ. ದೊಡ್ಡ ಐಸ್‌ಕ್ರೀಂ ಡಬ್ಬಿಯ ಬಿಳಿ ಮುಚ್ಚಳ ತೆಗೆದುಕೊಂಡು, ಕೆಳ ಅಂಚಿಗೆ ಹತ್ತಿರವಾಗಿ ಲೆನ್ಸಿನ ಮೂತಿ ಬಿಗಿಯಾಗಿ ಕೂರುವಷ್ಟು ತೂತು ಕೊರೆದು ತೊಡಿಸಿ. ಫ್ಲ್ಯಾಶ್ ಬೆಳಕು ಲೆನ್ಸಿನ ಮೇಲಿಂದ ಹೋಗಿ ಮುಚ್ಚಳಕ್ಕೆ ಬಡಿದು, ಇಡೀ ಮುಚ್ಚಳವೇ ಇರುವೆಗೆ ಮೋಡ ಕವಿದ ಆಕಾಶವಾಗುತ್ತದೆ. ಎಂ ಮೋಡ್, ಶಟರ್ 1/200, ಎಫ್/11, ಬೆಳಕಿನ ಸೂಕ್ಷ್ಮತೆಯ ಅಂಕಿಯಾದ ಐಎಸ್‌ಒ 400. ಇಲ್ಲಿಂದ ಶುರು ಮಾಡಿ, ಕತ್ತಲೆನಿಸಿದರೆ ಐಎಸ್‌ಒ ಏರಿಸಿ. ಇಬ್ಬನಿಗೆ ಮಾತ್ರ ಫ್ಲ್ಯಾಶ್ ಬೇಡ. ಅದಕ್ಕೆ ಪುಷ್ಯ ಮಾಸದ ಬೆಳಗ್ಗೆ, ಬಿಸಿಲು ಹುಲ್ಲಿಗೆ ತಾಗುವ ಮೊದಲಿನ ಹೊತ್ತು. ಚಳಿಗೆ ಏರೋಪ್ಲೇನ್ ಚಿಟ್ಟೆಯೂ ಹನಿ ಹೊದ್ದು ಅಲ್ಲಾಡದೆ ಕೂತಿರುತ್ತದೆ. ಕೆಲವರು ಹುಳುವನ್ನು ಫ್ರಿಜ್ಜಿನಲ್ಲಿಟ್ಟು ಮಂಕು ಮಾಡಿ ತೆಗೆಯುತ್ತಾರೆ. ದಯವಿಟ್ಟು ಆ ಕೆಲಸ ಬೇಡ, ಮಕ್ಕಳೆದುರು ಅಂತೂ ಬೇಡವೇ ಬೇಡ.

ಕೊನೆಯದಾಗಿ, ಆ ಲೆನ್ಸ್ ಎರಡು ಮಳೆಗಾಲ ಬೀರುವಿನಲ್ಲಿ ಕಳೆದಿದೆ ಎಂಬುದೇ ನನಗಿರುವ ಆತಂಕ. ಗಾಜು ತರಿಸುವ ಮುಂಚೆ ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಒಳಗೆ ಜೇಡರ ಬಲೆಯಂಥ ಸಣ್ಣ ಎಳೆಗಳು ಕಂಡರೆ ಬೂಷ್ಟು ಹಿಡಿದಿದೆ ಎಂದರ್ಥ. ಮೊದಲು ಅದನ್ನು ಕ್ಲೀನ್ ಮಾಡಿಸಬೇಕು. ಅಟ್ಟದ ಮೇಲಿನ ಪೆಂಟಾಕ್ಸ್ ಲೆನ್ಸಿಗೂ ಇದೇ ಪರೀಕ್ಷೆ. ಏನೂ ಇಲ್ಲದಿದ್ದರೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ತಂದು, ತಳದಲ್ಲಿ ಸಿಲಿಕಾ ಜೆಲ್ ಹಾಕಿ, ಕ್ಯಾಮೆರಾವನ್ನೂ ಲೆನ್ಸ್‌ಗಳನ್ನೂ ಅದರೊಳಗಿಡಿ. ಬಣ್ಣ ಬದಲಾಯಿಸುವ ಜೆಲ್ ಆದರೆ ನೀಲಿ ಹೋಗಿ ಗುಲಾಬಿಯಾದಾಗ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಹುರಿದು ಮತ್ತೆ ಹಾಕಬಹುದು. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ.